ಗೂಡಿನಲ್ಲಿದ್ದ ಮಾತ್ರೆ, ನಾವು ಬಿಟ್ಟ ಒಂದು ಸಾಲು

ನಮ್ಮ ಗೆಳೆಯನ ಮನೆಯ ನಡುಮನೆ ಗೋಡೆಯಲ್ಲಿ ಒಂದು ಗೂಡಿದೆ. ದೀಪ ಇಡಲೆಂದು ಅವನ ತಾತ ಬಿಡಿಸಿದ್ದು. ಈಗ ಅಲ್ಲಿ ದೀಪವಿಲ್ಲ. ಕರೆಂಟ್ ಬಿಲ್ಲು, ಡೈರಿಯ ಪಾಸ್‌ಬುಕ್ಕು, ನೋವಿನ ಮುಲಾಮು, ಯಾರೋ ಎಂದೋ ನುಂಗಿ ಉಳಿಸಿದ ಮಾತ್ರೆಗಳು ಇವೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಜಾಗ ಇರುತ್ತದೆ.

2022ರ ಜನವರಿಯಲ್ಲಿ ಆ ಗೂಡಿಗೆ ಹೊಸದೊಂದು ಡಬ್ಬಿ ಬಂತು. ಒಳಗೆ 40 ಕ್ಯಾಪ್ಸೂಲ್. ಮೊಲ್ನುಪಿರವಿರ್ ಎಂದು ಹೆಸರು. ಮನೆಯಲ್ಲಿ ಯಾರಿಗೂ ಆ ಹೆಸರು ಬಾಯಿಗೆ ಹತ್ತಲಿಲ್ಲ. ‘ಕರೋನಾ ಮಾತ್ರೆ’ ಎಂದೇ ಕರೆದರು.

ಆ ಡಬ್ಬಿ ಅಲ್ಲಿಗೆ ಬರಲು ಕಾರಣ ನಾವೇ. ಅದನ್ನು ಹೇಳಿಕೊಳ್ಳಲು ನಮಗೆ ಇಷ್ಟು ದಿನ ಬೇಕಾಯಿತು.

ಆಗ ನಾವು ಪತ್ರಿಕೋದ್ಯಮ ಓದಿ ಊರಿಗೆ ವಾಪಸ್ ಬಂದಿದ್ದ ಮೂವರು. ನಗರದಲ್ಲಿ ಕೆಲಸ ಸಿಗುವ ಹೊತ್ತಿಗೆ ಲಾಕ್‌ಡೌನ್ ಬಂದಿತ್ತು. ಮಂಡ್ಯ ಜಿಲ್ಲೆಯ ಅಕ್ಕಪಕ್ಕದ ಊರುಗಳಲ್ಲಿ ಕೂತು, ದೊಡ್ಡ ಸುದ್ದಿಗಳನ್ನು ಚಿಕ್ಕದು ಮಾಡಿ, ಮೊಬೈಲಿನಲ್ಲಿ ಓದುವಂತೆ ಬರೆದು ಹಂಚುತ್ತಿದ್ದೆವು. 2021ರ ಡಿಸೆಂಬರ್ 28ರಂದು ಕೇಂದ್ರ ಸರ್ಕಾರ ಈ ಔಷಧದ ತುರ್ತು ಬಳಕೆಗೆ ಒಪ್ಪಿಗೆ ಕೊಟ್ಟಿತು. ಮಾರನೇ ದಿನ ನಾವು ನಾಲ್ಕು ಸಾಲಿನ ಸುದ್ದಿ ಮಾಡಿದೆವು. ‘ಕೊರೊನಾಗೆ ಮಾತ್ರೆ ಬಂತು’ ಎಂದು ತಲೆಬರಹ. ಆ ವಾರ ಅಷ್ಟು ಜನ ಓದಿದ ಸುದ್ದಿ ನಮ್ಮದು ಇನ್ನೊಂದಿರಲಿಲ್ಲ. ನಾವು ಖುಷಿಪಟ್ಟೆವು.

ಎರಡು ವಾರ ಕಳೆದ ಮೇಲೆ ಗೆಳೆಯನ ಅವ್ವನಿಗೆ ಜ್ವರ ಬಂತು. ಸ್ವ್ಯಾಬ್ ಕೊಟ್ಟು ಬಂದರು, ಪಾಸಿಟಿವ್ ಎಂದು ಮೆಸೇಜು ಬಂತು. ಬೆಂಗಳೂರಿನಲ್ಲಿದ್ದ ಭಾವ ನಮ್ಮ ಸುದ್ದಿಯನ್ನು ಮನೆಯ ಗ್ರೂಪಿನಲ್ಲಿ ಓದಿದ್ದರು. ಪರಿಚಯದವರ ಕಡೆಯಿಂದ ಡಬ್ಬಿ ಕೊಂಡು, ಊರಿಗೆ ಬರುತ್ತಿದ್ದ ತರಕಾರಿ ಗಾಡಿಯಲ್ಲಿ ಕಳಿಸಿಕೊಟ್ಟರು. ಡಾಕ್ಟರ ಚೀಟಿ ಇರಲಿಲ್ಲ. ಬೆಳಿಗ್ಗೆ ನಾಲ್ಕು, ರಾತ್ರಿ ನಾಲ್ಕು, ಐದು ದಿನ ಎಂದು ಫೋನಿನಲ್ಲಿ ಹೇಳಿದ್ದರು.

ಅವ್ವ ಒಪ್ಪಲಿಲ್ಲ. “ಒಂದೇ ಸಲಕ್ಕೆ ನಾಲ್ಕ? ವಟ್ಟೆಗೆ ಉಸ್ಣ ಆಯ್ತದೆ ಕಣ್ಲಾ. ಒಂದು ಸಾಕು ಬುಡು.”

ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗಿದರು. ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ಡಬ್ಬಿಯನ್ನು ಗೂಡಿಗೆ ಎತ್ತಿಟ್ಟರು. ದುಬಾರಿ ಮಾತ್ರೆ, ಇನ್ಯಾರಿಗಾದರೂ ಆಗುತ್ತದೆ.

ಇನ್ಯಾರಿಗಾದರೂ ಎಂದರೆ ಮರುದಿನವೇ ಅತ್ತಿಗೆಗೆ. ಅತ್ತಿಗೆಗೆ ಆಗ ಐದು ತಿಂಗಳು. ಮೈ ಸುಡುತ್ತಿತ್ತು. ಅವ್ವ ಪ್ರೀತಿಯಿಂದಲೇ ಡಬ್ಬಿ ಇಳಿಸಿ, ಒಂದು ಕ್ಯಾಪ್ಸೂಲ್ ಅತ್ತಿಗೆಯ ಅಂಗೈ ಮೇಲಿಟ್ಟು, ಲೋಟದಲ್ಲಿ ಬಿಸಿನೀರು ತಂದರು. ಆ ಹೊತ್ತಿಗೆ ಬಾಗಿಲಲ್ಲಿ ಆಶಾ ಅಕ್ಕ ನಿಂತಿದ್ದರು. ಅವ್ವನ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಲು ಬಂದವರು.

“ಏನವ್ವ ಅದು?”

“ಕರೋನಾ ಮಾತ್ರೆ ಕಣಮ್ಮ. ನಂಗೆ ಇದ್ರಲ್ಲೇ ವಾಸಿ ಆಯ್ತು.”

“ಬಸುರಿ ಹೆಂಗಸಿಗೆ ಯಾರನ್ನ ಕೇಳಿ ಕೊಡ್ತಾ ಇದೀರಿ? ತಡೀರಿ ವಸಿ.”

ಆಶಾ ಅಕ್ಕ ಡಬ್ಬಿಯ ಫೋಟೊ ತೆಗೆದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಕಳಿಸಿದರು. ಐದು ನಿಮಿಷಕ್ಕೆ ಡಾಕ್ಟರೇ ಫೋನ್ ಮಾಡಿದರು. ಗರ್ಭಿಣಿಗೆ ಇದು ಬೇಡವೇ ಬೇಡ, ಪ್ಯಾರಾಸಿಟಮಾಲ್ ಕೊಟ್ಟು ಕರೆದುಕೊಂಡು ಬನ್ನಿ ಎಂದರು. ಅತ್ತಿಗೆ ಕ್ಯಾಪ್ಸೂಲನ್ನು ವಾಪಸ್ ಡಬ್ಬಿಗೆ ಹಾಕಿದರು. ಎಣಿಸಿದೆವು. 34 ಉಳಿದಿದ್ದವು.

ಸಂಜೆ ಅತ್ತಿಗೆ ಸಿಟ್ಟಿಲ್ಲದೆ ಒಂದು ಮಾತು ಕೇಳಿದರು. “ನೀವು ಬರೆದಿದ್ರಲ್ಲ, ಅದರಲ್ಲಿ ಇದೇನೂ ಇರಲಿಲ್ಲವಲ್ಲ?”

ಇರಲಿಲ್ಲ. ನಾವು ಮನೆಗೆ ಹೋಗಿ ಮೂಲ ಸುದ್ದಿಯನ್ನು ತೆಗೆದು ನೋಡಿದೆವು. ಅದರ ಕೊನೆಯ ಭಾಗದಲ್ಲಿ ಇತ್ತು. ಗರ್ಭಿಣಿಯರಿಗೆ ಶಿಫಾರಸು ಮಾಡಿಲ್ಲ ಎಂದು ಒಂದೇ ಸಾಲು. ಮೊಬೈಲಿನಲ್ಲಿ ಓದುವವರಿಗೆ ಉದ್ದ ಆಗುತ್ತದೆ ಎಂದು ನಾವು ಮೇಲಿನ ನಾಲ್ಕು ಸಾಲು ಇಟ್ಟುಕೊಂಡು ಕೆಳಗಿನದನ್ನು ಕತ್ತರಿಸಿದ್ದೆವು. ಅದಾದ ಮೇಲೆ, ಜನವರಿ ಮೊದಲ ವಾರದಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರಾಗಿದ್ದ ಡಾ. ಬಲರಾಮ್ ಭಾರ್ಗವ ಪತ್ರಿಕಾಗೋಷ್ಠಿಯಲ್ಲೇ ಹೇಳಿದ್ದರು: ಈ ಔಷಧದ ಸುರಕ್ಷತೆ ಬಗ್ಗೆ ದೊಡ್ಡ ಆತಂಕಗಳಿವೆ, ರಾಷ್ಟ್ರೀಯ ಚಿಕಿತ್ಸಾ ಪಟ್ಟಿಗೆ ಸೇರಿಸಿಲ್ಲ. ಅದನ್ನೂ ನಾವು ಹಾಕಿರಲಿಲ್ಲ. ‘ಮಾತ್ರೆ ಬಂತು’ ಎಂದು ಹೇಳಿದವರು ‘ಮಾತ್ರೆ ಬೇಡ ಅಂತಿದ್ದಾರೆ’ ಎಂದು ಹೇಳಲೇ ಇಲ್ಲ.

ಅವತ್ತಿನಿಂದ ನಾವು ಆ ಮಾತ್ರೆಯ ಬೆನ್ನು ಹತ್ತಿದೆವು. ಅದು ವೈರಸ್ಸನ್ನು ಕೊಲ್ಲುವುದು ಹೇಗೆ? ಬಸುರಿಗೆ ಯಾಕೆ ಬೇಡ? ಅವ್ವ ಒಂದೊಂದೇ ನುಂಗಿದ್ದು ಸರಿಯೋ ತಪ್ಪೋ? ಓದುತ್ತಾ ಹೋದ ಹಾಗೆ ಗೊತ್ತಾಯಿತು: ಈ ಮಾತ್ರೆ ವೈರಸ್ಸಿನ ಕೈಯಲ್ಲಿ ತಪ್ಪು ಬರೆಸಿ ಬರೆಸಿ ಅದನ್ನು ಸಾಯಿಸುತ್ತದೆ.

ಮೊದಲು ಒಂದು ಪದ ಬಗೆಹರಿಸಿಕೊಳ್ಳೋಣ. ಮ್ಯುಟೇಶನ್ ಅಂದರೆ ನಮ್ಮ ಕಡೆ ತಕ್ಷಣ ನೆನಪಾಗುವುದು ನಾಡಕಚೇರಿ. ಪಹಣಿಯಲ್ಲಿ ಹೆಸರು ಬದಲಾಗುವುದಕ್ಕೆ ಮ್ಯುಟೇಶನ್ ಎನ್ನುತ್ತೇವೆ. ವೈರಸ್ಸಿನ ವಿಷಯದಲ್ಲೂ ಅದೇ ಪದ. ಅಲ್ಲಿ ಬದಲಾಗುವುದು ಅಕ್ಷರ.

ವೈರಸ್ ಅಂದರೆ ಒಂದು ಬರಹ, ಅದರ ಸುತ್ತ ಒಂದು ಚೀಲ. ಕೊರೊನಾ ವೈರಸ್ಸಿನ ಬರಹ ಆರ್‌ಎನ್‌ಎ ಎಂಬ ವಸ್ತುವಿನಲ್ಲಿ, ನಾಲ್ಕೇ ನಾಲ್ಕು ಬಗೆಯ ಅಕ್ಷರಗಳಲ್ಲಿದೆ. ಒಟ್ಟು ಸುಮಾರು 30,000 ಅಕ್ಷರ. ಪೋಲಿಯೊ ವೈರಸ್ಸಿನದು ಸುಮಾರು 7,500. ನಮ್ಮ ಹಸುಗಳಿಗೆ ಬರುವ ಕಾಲುಬಾಯಿ ಜ್ವರದ ವೈರಸ್ಸಿನದು ಸುಮಾರು 8,500. ಈ ಬರಹ ನಮ್ಮ ಜೀವಕೋಶದ ಒಳಗೆ ನುಗ್ಗಿ, ತನ್ನದೇ ನಕಲನ್ನು ಸಾವಿರಾರು ಸಲ ಬರೆಸುತ್ತದೆ. ಕಾಯಿಲೆ ಹರಡುವುದು ಹಾಗೆ.

ನಕಲು ಬರೆಯುವಾಗ ತಪ್ಪಾಗುತ್ತದೆ. ಕೈಬರಹದ ಪಹಣಿ ಕಂಪ್ಯೂಟರಿಗೆ ಏರಿದ ಕಾಲದಲ್ಲಿ ನಮ್ಮ ಗೆಳೆಯನ ತಾತನ ಹೆಸರಿನ ಕೊನೆಯ ‘ಅಯ್ಯ’ ಹೋಗಿ ‘ಅಮ್ಮ’ ಆಯಿತು. ಅಷ್ಟೇ ವ್ಯತ್ಯಾಸ. ಅದರಿಂದ ಸೊಸೈಟಿ ಸಾಲ ನಿಂತಿತು, ತಿದ್ದಿಸಲು ಮೂರು ವರ್ಷ ಓಡಾಡಿದರು. ನಮ್ಮ ದೇಹದ ಡಿಎನ್‌ಎ ನಕಲಾಗುವಾಗ ಬರೆದದ್ದನ್ನು ಮತ್ತೆ ಓದಿ ತಿದ್ದುವ ವ್ಯವಸ್ಥೆ ಇದೆ. ಪೋಲಿಯೊ, ಕಾಲುಬಾಯಿ ಜ್ವರದಂಥ ವೈರಸ್ಸುಗಳಿಗೆ ಅದಿಲ್ಲ. ಅವುಗಳ ಬರಹಗಾರನಿಗೆ ಅವಸರ. ಬರೆದ, ಬಿಸಾಕಿದ, ಮುಂದಿನದು.

ಆ ಅವಸರದಿಂದ ವೈರಸ್ಸಿಗೆ ಲಾಭವೂ ಇದೆ. ಸಾವಿರ ನಕಲಿನಲ್ಲಿ ಬಹಳಷ್ಟು ಕೆಟ್ಟು ಹೋದರೂ ಯಾವುದೋ ಒಂದರ ತಪ್ಪು ಅದೃಷ್ಟಕ್ಕೆ ಒಳ್ಳೆಯದಾಗಿ ಬಿಡುತ್ತದೆ. ಅದು ಲಸಿಕೆಯ ಕಣ್ಣು ತಪ್ಪಿಸುತ್ತದೆ. ಡೆಲ್ಟಾ, ಒಮೈಕ್ರಾನ್ ಎಂದು ನಾವು ಕೇಳಿದ ಹೆಸರುಗಳೆಲ್ಲ ಇಂಥ ತಪ್ಪುಗಳು ಕೂಡಿ ಬಂದವು.

ಕಾಲುಬಾಯಿ ಜ್ವರವೂ ಹಾಗೇ. ಅದರಲ್ಲಿ ಏಳು ಬಗೆ ಇವೆ, ಒಂದಕ್ಕೆ ಹಾಕಿದ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ನಮ್ಮ ದೇಶದ ಲಸಿಕೆಯಲ್ಲಿ ಓ, ಎ, ಏಷ್ಯಾ-1 ಎಂಬ ಮೂರನ್ನು ಸೇರಿಸುತ್ತಾರೆ. 2013ರಲ್ಲಿ ದಕ್ಷಿಣ ಕರ್ನಾಟಕದಲ್ಲಿ ಈ ರೋಗ ಬಂದು ಸಾವಿರಾರು ಜಾನುವಾರು ಸತ್ತಾಗ ನಾವು ಹೈಸ್ಕೂಲಿನಲ್ಲಿದ್ದೆವು. ಬಾಯಲ್ಲಿ ಜೊಲ್ಲು ಸುರಿಸುತ್ತಾ, ಗೊರಸಿನ ಹುಣ್ಣಿನಿಂದ ನಿಲ್ಲಲಾರದೆ ಕೊಟ್ಟಿಗೆಯಲ್ಲಿ ಮಲಗಿದ್ದ ಹಸುವನ್ನು ನಾವು ಮೂವರೂ ನೋಡಿದ್ದೇವೆ. ಗೆಳೆಯನ ಮನೆಯ ಎರಡು ಹಸುವಿನಲ್ಲಿ ಒಂದು ಉಳಿಯಿತು, ಅದೂ ಆಮೇಲೆ ಮೊದಲಿನಷ್ಟು ಹಾಲು ಕೊಡಲಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ತಪ್ಪೇ ವೈರಸ್ಸಿನ ಬಲವಾದರೆ, ಆ ತಪ್ಪನ್ನು ಇನ್ನೂ ಹೆಚ್ಚು ಮಾಡಿದರೆ ಏನಾಗುತ್ತದೆ?

ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ಹಾಗಾಗುತ್ತದೆ. ಜರ್ಮನಿಯ ಗಟಿಂಗನ್ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದ ಮಾನ್‌ಫ್ರೆಡ್ ಐಗನ್ ಎಂಬ ವಿಜ್ಞಾನಿ 1971ರಲ್ಲಿ ಇದರ ಲೆಕ್ಕ ಹಾಕಿದರು. ಯಾವುದೇ ಬರಹ ನಕಲಿನಿಂದ ನಕಲಿಗೆ ಉಳಿಯಬೇಕಾದರೆ ತಪ್ಪಿಗೆ ಒಂದು ಮಿತಿ ಇರಬೇಕು. ಮಿತಿ ದಾಟಿದರೆ ಮೂಲ ಬರಹದ ಅರ್ಥವೇ ಕಳೆದುಹೋಗುತ್ತದೆ. ನೂರು ಜನರ ಕಿವಿಯಿಂದ ಕಿವಿಗೆ ಹೋದ ಮಾತು ಕೊನೆಗೆ ಯಾವ ಮಾತೂ ಅಲ್ಲದ ಹಾಗೆ.

ಐಗನ್ ಅವರದು ಕಾಗದದ ಮೇಲಿನ ಲೆಕ್ಕ. ನಿಜವಾದ ವೈರಸ್ಸು ಈ ಮಿತಿಗೆ ಎಷ್ಟು ಹತ್ತಿರ ಇದೆ? 1990ರಲ್ಲಿ ಅಮೆರಿಕದ ಜಾನ್ ಹಾಲೆಂಡ್ ಮತ್ತು ಸಂಗಡಿಗರು ಪೋಲಿಯೊ ವೈರಸ್ಸಿಗೂ ಇನ್ನೊಂದು ವೈರಸ್ಸಿಗೂ ರಾಸಾಯನಿಕ ಹಾಕಿ, ತಪ್ಪು ಹೆಚ್ಚಿಸಿ ನೋಡಿದರು. ತಪ್ಪನ್ನು ಎರಡು, ಮೂರು ಪಟ್ಟಿಗಿಂತ ಮೇಲೆ ಏರಿಸಲಾಗಲಿಲ್ಲ. ಅಷ್ಟರಲ್ಲೇ ವೈರಸ್ ಸೊರಗಿತು. ಅಂದರೆ ಈ ವೈರಸ್ಸುಗಳು ಬಾವಿಯ ಕಟ್ಟೆಯ ತುದಿಯಲ್ಲೇ ಓಡಾಡುತ್ತಿವೆ. ಇನ್ನೊಂದು ಹೆಜ್ಜೆ ತಳ್ಳಿದರೆ ಒಳಗೆ.

2001ರಲ್ಲಿ ಶೇನ್ ಕ್ರಾಟಿ, ಕ್ರೇಗ್ ಕ್ಯಾಮರಾನ್, ರೌಲ್ ಆಂಡಿನೊ ಎಂಬ ಮೂವರು ರಿಬಾವಿರಿನ್ ಎಂಬ ಹಳೆಯ ಔಷಧವನ್ನು ತೆಗೆದುಕೊಂಡು ಇದನ್ನು ಅಳೆದು ತೋರಿಸಿದರು. ರಿಬಾವಿರಿನ್ ವೈರಸ್ಸುಗಳಿಗೆ ಮದ್ದು ಎಂದು 1970ರ ದಶಕದಿಂದ ಗೊತ್ತಿತ್ತು. ಮಾಮೂಲಿ ಪೋಲಿಯೊ ವೈರಸ್ಸಿನ ಒಂದು ನಕಲಿನಲ್ಲಿ ಒಂದೆರಡು ತಪ್ಪಿರುತ್ತದೆ. ರಿಬಾವಿರಿನ್ ಹೆಚ್ಚು ಪ್ರಮಾಣದಲ್ಲಿ ಹಾಕಿದಾಗ ತಪ್ಪು ಸುಮಾರು ಹತ್ತು ಪಟ್ಟಾಯಿತು. ಸೋಂಕು ತಗುಲಿಸುವ ಶಕ್ತಿ ಶೇ 99ಕ್ಕಿಂತ ಹೆಚ್ಚು ಹೋಯಿತು. ತಪ್ಪು ಹತ್ತು ಪಟ್ಟು ಏರಿದ್ದಕ್ಕೆ ಬದುಕಿನ ದಾರಿ ನೂರಕ್ಕೆ ಒಂದಕ್ಕೂ ಇಳಿಯಿತು.

ಕಾಲುಬಾಯಿ ಜ್ವರದ ವೈರಸ್ಸಿನ ಮೇಲೂ ಇದೇ ಪ್ರಯೋಗ ನಡೆದಿದೆ ಎಂದು ಓದಿದಾಗ ನಾವು ಕುರ್ಚಿಯಿಂದ ಎದ್ದು ಕೂತೆವು. ಸ್ಪೇನ್ ದೇಶದ ಮ್ಯಾಡ್ರಿಡ್‌ನಲ್ಲಿ ಎಸ್ಟೆಬಾನ್ ಡೊಮಿಂಗೊ ಎಂಬವರು ಬಹಳ ವರ್ಷಗಳಿಂದ ಈ ವೈರಸ್ಸನ್ನೇ ಇಟ್ಟುಕೊಂಡು ಕೆಲಸ ಮಾಡಿದವರು. ಒಂದು ಹಸುವಿನಲ್ಲಿರುವ ವೈರಸ್ಸುಗಳೆಲ್ಲ ಒಂದೇ ಅಚ್ಚಿನವಲ್ಲ, ಸಣ್ಣ ಸಣ್ಣ ವ್ಯತ್ಯಾಸದ ಒಂದು ಹಿಂಡು ಎಂಬುದನ್ನು ತೋರಿಸಿದವರಲ್ಲಿ ಅವರು ಮುಖ್ಯರು. 2000ನೇ ಇಸವಿಯಲ್ಲಿ ಅವರ ತಂಡ ಗಾಜಿನ ತಟ್ಟೆಯ ಜೀವಕೋಶಗಳಲ್ಲಿ ಈ ವೈರಸ್ಸಿಗೆ ತಪ್ಪು ಬರೆಸುವ ರಾಸಾಯನಿಕ ಹಾಕಿ, ವೈರಸ್ ಪೂರ್ತಿ ಅಳಿಯುವುದನ್ನು ಕಂಡಿತು. ಅದರಲ್ಲೇ ಇನ್ನೊಂದು ಪಾಠವೂ ಇತ್ತು: ವೈರಸ್ಸಿನ ಸಂಖ್ಯೆ ಕಡಿಮೆ ಇದ್ದಾಗ, ಅದು ಬಲಹೀನವಾಗಿದ್ದಾಗ ಅಳಿಸುವುದು ಸುಲಭ. ಹಿಂಡು ದೊಡ್ಡದಾಗಿ ಬಲಿತರೆ ಕಷ್ಟ.

ಅಪಾರ್ಥ ಬೇಡ. ಹಸುವಿಗೆ ಕೊಡುವಂಥ ಇಂಥ ಮದ್ದು ನಮ್ಮ ಪಶು ಆಸ್ಪತ್ರೆಯಲ್ಲಿ ಇಲ್ಲ. ಅಲ್ಲಿ ಇರುವುದು ಲಸಿಕೆ, ಅದೇ ದಾರಿ. ವರ್ಷಕ್ಕೆ ಎರಡು ಸಲ ಲಸಿಕೆ ಹಾಕುವವರು ಬಂದಾಗ ‘ಹಾಲು ಕಮ್ಮಿ ಆಗುತ್ತೆ’ ಎಂದು ಹಸುವನ್ನು ಹಿತ್ತಲಿಗೆ ಅಟ್ಟುವುದನ್ನು ನಾವು ನಿಲ್ಲಿಸಬೇಕು.

ಮತ್ತೆ ಗೂಡಿನ ಡಬ್ಬಿಗೆ ಬರೋಣ. ಕೊರೊನಾ ವೈರಸ್ಸಿನ ಕಥೆ ಸ್ವಲ್ಪ ಬೇರೆ. 30,000 ಅಕ್ಷರದ ಉದ್ದ ಬರಹವನ್ನು ಕಾಪಾಡಿಕೊಳ್ಳಲು ಅದು ತಪ್ಪು ತಿದ್ದುವ ಒಬ್ಬ ಗುಮಾಸ್ತನನ್ನೂ ಜೊತೆಗಿಟ್ಟುಕೊಂಡಿದೆ. ಸುಳ್ಳು ಅಕ್ಷರ ಕೊಟ್ಟರೆ ಅವನು ಹಿಡಿದು ಕಿತ್ತು ಹಾಕಬಹುದು. ಮೊಲ್ನುಪಿರವಿರ್ ಅವನ ಕಣ್ಣನ್ನೂ ತಪ್ಪಿಸುತ್ತದೆ.

ಅಮೆರಿಕದ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಔಷಧ ದೇಹದೊಳಗೆ ಹೋಗಿ ಒಂದು ಸುಳ್ಳು ಅಕ್ಷರವಾಗುತ್ತದೆ. ಅವಸರದ ಕೈಬರಹದಲ್ಲಿ ‘ಪ’ ಎಂದೂ ಓದಬಹುದಾದ, ‘ವ’ ಎಂದೂ ಓದಬಹುದಾದ ಅಕ್ಷರ ಇರುತ್ತದಲ್ಲ, ಅಂಥದ್ದು. ಬರೆಯುವಾಗ ಸರಿಯಾಗೇ ಕಾಣುತ್ತದೆ, ಗುಮಾಸ್ತ ಬಿಟ್ಟುಬಿಡುತ್ತಾನೆ. ಮುಂದಿನ ನಕಲಿನಲ್ಲಿ ‘ವರ’ ಹೋಗಿ ‘ಪರ’ ಆಗುತ್ತದೆ. ಅದರ ಮುಂದಿನದರಲ್ಲಿ ಇನ್ನೊಂದು. ಕೆಲವು ಸುತ್ತಿನಲ್ಲಿ ಬರಹ ಹಾಳು. ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು 2021ರಲ್ಲಿ ಬಿಡಿಸಿ ತೋರಿಸಿದವರಲ್ಲಿ ಗಟಿಂಗನ್ನಿನ ವಿಜ್ಞಾನಿಗಳು ಇದ್ದರು. ಐವತ್ತು ವರ್ಷದ ಹಿಂದೆ ಐಗನ್ ಲೆಕ್ಕ ಹಾಕಿದ ಅದೇ ಸಂಸ್ಥೆ.

ಇಷ್ಟು ತಿಳಿದ ಮೇಲೆ ಅತ್ತಿಗೆಯ ಅಂಗೈ ನೆನೆದು ನಮಗೆ ಬೆವರು ಬಂತು.

ಸುಳ್ಳು ಅಕ್ಷರಕ್ಕೆ ವೈರಸ್ ಯಾವುದು, ಮನುಷ್ಯ ಯಾವುದು ಎಂದು ಪೂರ್ತಿ ಗೊತ್ತಿರುವುದಿಲ್ಲ. ನಮ್ಮ ಜೀವಕೋಶಗಳು ಆರ್‌ಎನ್‌ಎಯ ಅಕ್ಷರಗಳನ್ನು ಕೊಂಚ ಬದಲಾಯಿಸಿ ತಮ್ಮ ಡಿಎನ್‌ಎಗೂ ಬಳಸಿಕೊಳ್ಳುತ್ತವೆ. ಈ ಔಷಧದ ಅಕ್ಷರ ಆ ದಾರಿಯಲ್ಲಿ ನಮ್ಮ ಬರಹಕ್ಕೂ ಸೇರಬಹುದೇ ಎಂಬುದು ವಿಜ್ಞಾನಿಗಳ ಪ್ರಶ್ನೆ. 2021ರಲ್ಲಿ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಜೀವಕೋಶಗಳಲ್ಲಿ ಹಾಗೆ ಆದದ್ದು ಕಂಡಿತು. ಐದು ದಿನ ನುಂಗುವ ದೊಡ್ಡವರಿಗೆ ಈ ಅಪಾಯ ಕಡಿಮೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೇಳಿತು. ಆದರೆ ಬಸುರಿ ಇಲಿಗಳಿಗೆ ಕೊಟ್ಟಾಗ ಹೊಟ್ಟೆಯೊಳಗಿನ ಮರಿಗಳಿಗೆ ಹಾನಿಯಾಗಿತ್ತು. ಅದಕ್ಕೇ ಗರ್ಭಿಣಿಯರಿಗೆ ಶಿಫಾರಸು ಮಾಡಲಿಲ್ಲ. 18 ವರ್ಷದೊಳಗಿನವರಿಗೂ ಕೊಡಲಿಲ್ಲ. ಮಾತ್ರೆ ನುಂಗಿದ ಗಂಡಸರೂ ಮೂರು ತಿಂಗಳು ಮಗುವಾಗದಂತೆ ನೋಡಿಕೊಳ್ಳಬೇಕು ಎಂದರು.

ಹೊಟ್ಟೆಯಲ್ಲಿರುವ ಐದು ತಿಂಗಳ ಮಗು ಎಂದರೆ ಹಗಲಿರುಳು ನಕಲಾಗುತ್ತಿರುವ ಬರಹ. ಕಣ್ಣು, ಕಿವಿ, ಬೆರಳು, ಎಲ್ಲವೂ ಆಗ ಬೆಳೆಯುತ್ತಿರುತ್ತವೆ. ಅಂಥ ಹೊತ್ತಿನಲ್ಲಿ ತಪ್ಪು ಬರೆಸುವ ಮದ್ದನ್ನು ಒಳಗೆ ಬಿಡಬಾರದು. ಇದು ಮಡಿ ಮೈಲಿಗೆಯ ಮಾತಲ್ಲ, ನಂಜು ಉಷ್ಣದ ಮಾತೂ ಅಲ್ಲ. ಆ ಮದ್ದಿನ ಕೆಲಸವೇ ತಪ್ಪು ಬರೆಸುವುದು.

ಇನ್ನು ಅವ್ವನ ಒಂದೊಂದು ಮಾತ್ರೆ. ನಾಲ್ಕರ ಕಡೆ ಒಂದು ನುಂಗಿದರೆ ಕಾಲು ಭಾಗ ಗುಣ ಸಿಗುತ್ತದೆ, ಏನು ಕೆಡುವುದಿಲ್ಲ ಎಂದು ನಾವೂ ಅಂದುಕೊಂಡಿದ್ದೆವು. ಈ ಬಗೆಯ ಮದ್ದಿಗೆ ಆ ಲೆಕ್ಕ ನಡೆಯುವುದಿಲ್ಲ. ಕಟ್ಟೆಯ ತುದಿಯಲ್ಲಿರುವ ಶತ್ರುವನ್ನು ಬಾವಿಗೆ ಬೀಳುವಷ್ಟು ತಳ್ಳಬೇಕು. ಅರ್ಧ ತಳ್ಳಿ ಬಿಟ್ಟರೆ ಅವನು ಸಾಯುವುದಿಲ್ಲ, ಕಟ್ಟೆ ಮೇಲೆ ಜಾಗ ಬದಲಾಯಿಸುತ್ತಾನೆ. ಸಾಯುವಷ್ಟಲ್ಲದ ತಪ್ಪು ಎಂದರೆ ಹೊಸ ಹೊಸ ರೂಪಕ್ಕೆ ಅವಕಾಶ. ಯಾವ ಗುಣದಿಂದ ವೈರಸ್ ಲಸಿಕೆಯ ಕಣ್ಣು ತಪ್ಪಿಸುತ್ತದೋ ಅದಕ್ಕೇ ನಾವು ಗೊಬ್ಬರ ಹಾಕಿದ ಹಾಗಾಗಬಹುದು.

ಇದು ಬರೀ ಊಹೆಯಲ್ಲ. ರಿಬಾವಿರಿನ್ ಇರುವ ಕಡೆಯೇ ಪೋಲಿಯೊ ವೈರಸ್ಸನ್ನು ಬೆಳೆಸುತ್ತಾ ಹೋದಾಗ, ಜೂಲಿ ಫೈಫರ್ ಮತ್ತು ಕಾರ್ಲಾ ಕರ್ಕೆಗಾರ್ಡ್ ಎಂಬ ವಿಜ್ಞಾನಿಗಳಿಗೆ 2003ರಲ್ಲಿ ಮದ್ದಿಗೆ ಬಗ್ಗದ ಒಂದು ವೈರಸ್ ಸಿಕ್ಕಿತು. ಅದರಲ್ಲಿ ಬದಲಾದದ್ದು ಬರಹಗಾರ. ಅವನು ಮೊದಲಿಗಿಂತ ಎಚ್ಚರದಿಂದ, ಕಡಿಮೆ ತಪ್ಪಿನಿಂದ ಬರೆಯತೊಡಗಿದ್ದ. ಮೂರು ವರ್ಷದ ನಂತರ ಆ ಎಚ್ಚರದ ವೈರಸ್ಸನ್ನು ಇಲಿಗಳಿಗೆ ಹಾಕಿದಾಗ ಇನ್ನೊಂದು ಸಂಗತಿ ಕಂಡಿತು. ತಪ್ಪು ಕಡಿಮೆಯಾದ ವೈರಸ್ ಮಾಮೂಲಿ ವೈರಸ್ಸಿನಷ್ಟು ಕಾಯಿಲೆ ಮಾಡಲಾರದೆ ಹೋಯಿತು. ತಪ್ಪು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ವೈರಸ್ ಬದುಕಿರುವುದು ಒಂದು ಹದದ ಮೇಲೆ.

ಕೊರೊನಾ ಮಾತ್ರೆಯ ಜಾಡನ್ನೂ ವಿಜ್ಞಾನಿಗಳು ಹುಡುಕಿದರು. ಜಗತ್ತಿನಾದ್ಯಂತ ಓದಿಟ್ಟಿದ್ದ 1.5 ಕೋಟಿಗೂ ಹೆಚ್ಚು ಕೊರೊನಾ ವೈರಸ್ಸುಗಳ ಬರಹವನ್ನು ಜಾಲಾಡಿದ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮೊಲ್ನುಪಿರವಿರ್ ಮಾಡಿಸುವ ತಪ್ಪಿಗೆ ಒಂದು ಗುರುತಿದೆ, ಒಂದು ಅಕ್ಷರ ಮತ್ತೆ ಮತ್ತೆ ಅದೇ ಇನ್ನೊಂದು ಅಕ್ಷರವಾಗುವುದು. ಆ ಗುರುತು ಹೊತ್ತ ವೈರಸ್ಸುಗಳು ಈ ಮಾತ್ರೆ ಬಳಕೆಗೆ ಬಂದ ಮೇಲೆ, ಅದನ್ನು ಹೆಚ್ಚು ಬಳಸಿದ ದೇಶಗಳಲ್ಲಿ ಕಂಡವು. ಕೆಲವು ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ್ದೂ ಕಂಡಿತು. ಅವುಗಳಿಂದ ದೊಡ್ಡ ಅಲೆಯೇನೂ ಎದ್ದಿರಲಿಲ್ಲ. ಆದರೆ ಕೆಲವು ರೋಗಿಗಳಲ್ಲಿ ತಪ್ಪು ತುಂಬಿದ ವೈರಸ್ ಸಾಯದೆ ಹೊರಗೆ ಬಂದಿತ್ತು ಎಂಬುದಂತೂ ಗೊತ್ತಾಯಿತು.

ಹಾಗಾದರೆ ಆ ಮಾತ್ರೆ ಕೆಟ್ಟದ್ದೇ? ಹಾಗೆ ಹೇಳಿದರೆ ‘ಮಾತ್ರೆ ಬಂತು’ ಎಂದ ತಪ್ಪನ್ನೇ ಇನ್ನೊಂದು ಕಡೆಯಿಂದ ಮಾಡಿದಂತಾಗುತ್ತದೆ. ಲಸಿಕೆ ಹಾಕಿಸಿಕೊಳ್ಳದ, ಅಪಾಯ ಹೆಚ್ಚಿದ್ದ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಆಸ್ಪತ್ರೆ ಸೇರುವುದು ಅಥವಾ ಸಾಯುವುದು ಮಾತ್ರೆ ಸಿಗದವರಲ್ಲಿ ಶೇ 9.7 ಇತ್ತು, ಸಿಕ್ಕವರಲ್ಲಿ ಶೇ 6.8 ಇತ್ತು. ಬ್ರಿಟನ್ನಿನಲ್ಲಿ 25,000ಕ್ಕೂ ಹೆಚ್ಚು ಜನರ ಮೇಲೆ, ಬಹುಪಾಲು ಲಸಿಕೆ ಪಡೆದವರ ಮೇಲೆ, ನಡೆದ ಪರೀಕ್ಷೆಯಲ್ಲಿ ಆಸ್ಪತ್ರೆ ಸೇರುವುದರಲ್ಲಿ ವ್ಯತ್ಯಾಸವೇ ಇರಲಿಲ್ಲ, ಎರಡೂ ಕಡೆ ಶೇ 0.8ರ ಸುಮಾರು. ಗುಣವಾಗುವುದು ಮಾತ್ರ ನಾಲ್ಕು ದಿನ ಬೇಗ. ಅವ್ವ ಎರಡು ಡೋಸ್ ಲಸಿಕೆ ಹಾಕಿಸಿಕೊಂಡಿದ್ದವರು. ಅವರ ಜ್ವರ ಬಿಟ್ಟಿದ್ದು ಆ ಆರು ಮಾತ್ರೆಯಿಂದ ಎಂದು ಹೇಳಲು ನಮಗೆ ಧೈರ್ಯವಿಲ್ಲ.

ವೈರಸ್ಸಿನ ಆಯುಧದಿಂದಲೇ ವೈರಸ್ಸನ್ನು ಕೊಲ್ಲುವ ಈ ಆಲೋಚನೆ ನಮಗೆ ಈಗಲೂ ಬೆರಗು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಕೆಲಸ ಅದು. ಆದರೆ ಮುಳ್ಳು ತೆಗೆಯುವವರಿಗೆ ಗೊತ್ತು: ಮುಳ್ಳು ಯಾರ ಕೈಯಲ್ಲಿದೆ, ಯಾರ ಕಾಲಿಗೆ, ಎಷ್ಟು ಆಳಕ್ಕೆ ಎನ್ನುವುದು ಮುಖ್ಯ. ಅದನ್ನು ನೋಡುವವರು ಡಾಕ್ಟರು. ಗೂಡು ನೋಡುವುದಿಲ್ಲ, ಗ್ರೂಪು ನೋಡುವುದಿಲ್ಲ, ನಮ್ಮ ನಾಲ್ಕು ಸಾಲಿನ ಸುದ್ದಿಯಂತೂ ನೋಡಲೇ ಇಲ್ಲ.

ನಮ್ಮ ತಪ್ಪೂ ಇದೇ ಜಾತಿಯದು ಎಂದು ಆಮೇಲೆ ಹೊಳೆಯಿತು. ನಾವೂ ಅವಸರದ ನಕಲುಗಾರರು. ಮೂಲದಲ್ಲಿ ಇದ್ದ ಒಂದು ಸಾಲು ನಮ್ಮ ನಕಲಿನಲ್ಲಿ ಬಿಟ್ಟುಹೋಯಿತು. ನಮ್ಮ ನಕಲನ್ನು ಭಾವ ನಕಲು ಮಾಡಿದರು, ಅವರದನ್ನು ಇನ್ನೆಷ್ಟು ಜನವೋ. ನಮ್ಮ ಊರಿನಲ್ಲಿ ಅದನ್ನು ಹಿಡಿದು ತಿದ್ದಿದವರು ಒಬ್ಬರೇ, ತಿಂಗಳ ಗೌರವಧನಕ್ಕಾಗಿ ಆಗಾಗ ಬೀದಿಗಿಳಿಯಬೇಕಾದ ಆಶಾ ಅಕ್ಕ. ಅವರು ಆ ದಿನ ಹತ್ತು ನಿಮಿಷ ತಡವಾಗಿ ಬಂದಿದ್ದರೆ ಎಂದು ಯೋಚಿಸುವುದನ್ನು ನಾವು ಬಿಟ್ಟಿದ್ದೇವೆ. ಬಿಟ್ಟಿದ್ದೇವೆ ಎಂದುಕೊಂಡರೂ ರಾತ್ರಿ ಹೊತ್ತು ನೆನಪಾಗುತ್ತದೆ.

ಆ ವಾರವೇ ತಿದ್ದುಪಡಿ ಹಾಕಿದೆವು. ‘ಗರ್ಭಿಣಿಯರು ಈ ಮಾತ್ರೆ ತೆಗೆದುಕೊಳ್ಳಬಾರದು, ಹಿಂದಿನ ಸುದ್ದಿಯಲ್ಲಿ ಇದನ್ನು ನಾವು ಬಿಟ್ಟಿದ್ದೆವು, ತಪ್ಪಾಯಿತು’ ಎಂದು. ಮೊದಲ ಸುದ್ದಿಯನ್ನು ಓದಿದವರಲ್ಲಿ ಎಷ್ಟೋ ಜನ ಇದನ್ನು ಓದಲೇ ಇಲ್ಲ. ತಪ್ಪು ಓಡುವಷ್ಟು ಜೋರಾಗಿ ತಿದ್ದುಪಡಿ ಓಡುವುದಿಲ್ಲ. ಅದಕ್ಕೇ ಗೆಳೆಯನ ಊರಿನಲ್ಲಿ ಡೈರಿ ಹತ್ತಿರ, ಬೆಳಿಗ್ಗೆ ಹಾಲು ಹಾಕಲು ಬಂದವರಿಗೆ ಬಾಯಲ್ಲೇ ಹೇಳಿದೆವು. “ಅಂಗಾದ್ರೆ ಮೊದ್ಲು ಯಾಕಪ್ಪ ಬರುದ್ರಿ?” ಎಂದು ಒಬ್ಬರು ಕೇಳಿದರು. ಉತ್ತರ ಇರಲಿಲ್ಲ, ತಲೆ ತಗ್ಗಿಸಿ ನಿಂತೆವು.

34 ಕ್ಯಾಪ್ಸೂಲಿದ್ದ ಡಬ್ಬಿಯನ್ನು ಆಶಾ ಅಕ್ಕ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿದರು. “ತಿಪ್ಪೆಗೆ ಎಸೀಬೇಡಿ, ಮಕ್ಕಳು ಆಯ್ಕೊಂಡು ಬಾಯಿಗೆ ಹಾಕ್ಕೋತವೆ” ಎಂದು ಹೇಳಿ ಹೋದರು. ಅತ್ತಿಗೆಯ ಜ್ವರ ಪ್ಯಾರಾಸಿಟಮಾಲ್, ಗಂಜಿ, ವಿಶ್ರಾಂತಿಯಲ್ಲೇ ನಾಲ್ಕು ದಿನಕ್ಕೆ ಇಳಿಯಿತು. ಆ ವರ್ಷದ ಬೇಸಿಗೆ ಕಳೆಯುವ ಹೊತ್ತಿಗೆ ಮಗಳು ಹುಟ್ಟಿದಳು. ಅವಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಸ್ಲೇಟಿನ ಮೇಲೆ ‘ಅ’ ಬರೆಯುತ್ತಾಳೆ, ತಿರುಗಾ ಮುರುಗಾ ಬರೆಯುತ್ತಾಳೆ, ಅಳಿಸಿ ಮತ್ತೆ ಬರೆಯುತ್ತಾಳೆ.

ಇದನ್ನು ಓದುತ್ತಿರುವ ನೀವು ಈಗಲೇ ಎದ್ದು ನಿಮ್ಮ ಮನೆಯ ಗೂಡನ್ನೋ, ಫ್ರಿಜ್ಜಿನ ತಲೆಯನ್ನೋ ಒಮ್ಮೆ ನೋಡಿ. ಯಾರೋ ಉಳಿಸಿದ ಮಾತ್ರೆ ಇದ್ದರೆ ಇನ್ಯಾರಿಗೋ ಕೊಡಬೇಡಿ. ಡಾಕ್ಟರು ನಾಲ್ಕು ಎಂದರೆ ನಾಲ್ಕು, ಐದು ದಿನ ಎಂದರೆ ಐದು ದಿನ. ಕಷ್ಟವಾದರೆ ಅವರನ್ನೇ ಕೇಳಿ, ನಾವೇ ಕಡಿಮೆ ಮಾಡಿಕೊಳ್ಳುವುದು ಬೇಡ. ಬಸುರಿ ಇದ್ದರೆ ಯಾವ ಮಾತ್ರೆಗೂ ಮೊದಲು ಆಶಾ ಅಕ್ಕನಿಗೆ ಒಂದು ಫೋನ್ ಮಾಡಿ.

ನಾವು ಬರೆದದ್ದರಲ್ಲಿ ಯಾವುದಾದರೂ ಸಾಲು ಬಿಟ್ಟಿದ್ದರೆ ನಮಗೂ ಒಂದು ಫೋನ್ ಮಾಡಿ. ತಿದ್ದುತ್ತೇವೆ.